ಬೆಕ್ಕು ಹತ್ತದ ಕಾಂಪೌಂಡ್: ಉರುಳು ಪೈಪು, ಪಾರಾಗುವ ಕಂಬ ಮತ್ತು ಪಕ್ಕದ ಮನೆ ಜೊತೆ ರಾಜಿ

ನಮ್ಮ ಮನೆಯಲ್ಲಿ ನಾಯಿ ಇದೆ, ಕೆಂಚ ಅಂತ ಹೆಸರು. ಪಕ್ಕದ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಕೆಂಚ ಕಾಂಪೌಂಡಿನ ಒಳಗೇ ಇರುತ್ತಾನೆ, ಬೆಲ್ಟು ಹಾಕದೆ ಗೇಟು ದಾಟಿಸುವುದಿಲ್ಲ. ಬೆಕ್ಕುಗಳು ಮಾತ್ರ ಎಲ್ಲ ಕಡೆ ತಿರುಗುತ್ತವೆ. ನಡುವೆ ಇರುವುದು 1.5 ಮೀಟರ್ ಎತ್ತರದ ಒಂದು ಬ್ಲಾಕ್ ಗೋಡೆ. ಜಗಳವೆಲ್ಲ ಆ ಗೋಡೆಯ ಮೇಲೇ ಶುರುವಾಗುತ್ತಿತ್ತು.

ಆ ಗೋಡೆಗೆ ಏನು ಮಾಡಿದೆವು, ಯಾವ ಅಳತೆ ಹಿಡಿದೆವು, ಎಲ್ಲಿ ತೊಂದರೆ ಬಂತು ಅಂತ ಬರೆಯುತ್ತಿದ್ದೇನೆ. ಇದೇ ತಲೆನೋವು ಬೇಕಾದಷ್ಟು ಮನೆಗಳಲ್ಲಿ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಕ್ಕು ಒಳಗೆ ಬರದ ಹಾಗೆ ಮಾಡುವುದು ಅರ್ಧ ಕೆಲಸ. ಹೇಗೋ ಒಳಗೆ ಬಂದುಬಿಟ್ಟ ಬೆಕ್ಕು ಜೀವ ಉಳಿಸಿಕೊಂಡು ಹೊರಗೆ ಹೋಗಲು ದಾರಿ ಮಾಡುವುದು ಇನ್ನರ್ಧ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಜಗಳ ಏನಿತ್ತು

ಬೆಕ್ಕುಗಳು ಬೆಳಕು ಹರಿಯುವ ಹೊತ್ತು, ಸಂಜೆ ಮಬ್ಬಾಗುವ ಹೊತ್ತು ಜಾಸ್ತಿ ಓಡಾಡುತ್ತವೆ. ಅದೇ ಹೊತ್ತಿಗೆ ಒಂದು ಬೆಕ್ಕು ಗೋಡೆಯ ಮೇಲೆ ಬಂದು ಕೂರುತ್ತಿತ್ತು. ಕೆಂಚ ಕೆಳಗೆ ನಿಂತು ಬೊಗಳುತ್ತಿದ್ದ, ಗೋಡೆಯ ಉದ್ದಕ್ಕೂ ಅತ್ತಿಂದಿತ್ತ ಓಡುತ್ತಿದ್ದ. ಹುಲ್ಲೆಲ್ಲ ಸವೆದು ಗೋಡೆ ಪಕ್ಕ ಮಣ್ಣಿನ ಹಾದಿಯೇ ಬಿದ್ದಿತ್ತು. ಪಕ್ಕದ ಮನೆಯ ಆಂಟಿಗೆ ಬೆಳಗಿನ ನಿದ್ದೆ ಹಾಳು, ಜೊತೆಗೆ ಎಲ್ಲಿ ಒಂದು ದಿನ ಬೆಕ್ಕನ್ನು ನಾಯಿ ಹಿಡಿದು ಹಾಕಿಬಿಡುತ್ತದೋ ಅಂತ ಭಯ. ನಮ್ಮ ಕಡೆ ಹೂವಿನ ಪಾತಿಯಲ್ಲಿ ಬೆಕ್ಕಿನ ಹೇಲು, ಮೆಟ್ಟಿಲ ಹತ್ತಿರ ಗಂಡು ಬೆಕ್ಕಿನ ಉಚ್ಚೆ ವಾಸನೆ.

ಅವರ ಮಾತು: "ನೋಡಪ್ಪಾ, ನಾಯಿಯನ್ನು ಹಿಂದೆ ಕಟ್ಟಿಹಾಕಿ. ಬೆಕ್ಕಿಗೆ ಇದು ನಿಮ್ಮ ಜಾಗ, ಇದು ನಮ್ಮ ಜಾಗ ಅಂತ ಗೊತ್ತಾಗುತ್ತಾ?" ನನ್ನ ಮಾತು: "ಆಂಟಿ, ನಮ್ಮ ನಾಯಿ ನಮ್ಮ ಜಾಗದಲ್ಲೇ ಇದೆ. ಹೊರಗೆ ಹೋಗುತ್ತಿರುವುದು ನಿಮ್ಮ ಬೆಕ್ಕು." ಇಬ್ಬರ ಮಾತೂ ನಿಜವೇ. ಅದಕ್ಕೇ ಈ ಜಗಳ ಮಾತಿನಲ್ಲಿ ಮುಗಿಯುವುದಿಲ್ಲ. ನಾಯಿ ಸಾಕಿದವರು ಅದನ್ನು ಹಿಡಿದಿಡಬೇಕು ಅಂತ ಹೆಚ್ಚಿನ ಕಡೆ ನಿಯಮ ಇದೆ. ಬೆಕ್ಕಿನ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ಥರ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನು ಮನೆಯ ಆವರಣದೊಳಗೇ ಇಡಬೇಕು. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ 20 ವಾರ ತುಂಬಿದ ಸಾಕು ಬೆಕ್ಕಿಗೆ ಮೈಕ್ರೋಚಿಪ್ ಕಡ್ಡಾಯ, ಆದರೆ ತಿರುಗಾಡಲು ತಡೆ ಇಲ್ಲ. ನಿಯಮ ಯಾರ ಕಡೆಗಿದ್ದರೂ ಬೆಳಗ್ಗೆ ಎದ್ದರೆ ಅದೇ ಗೋಡೆ, ಅದೇ ಪಕ್ಕದ ಮನೆ ಅಲ್ವಾ? ಹಾಗಾಗಿ ದೂರು ಕೊಡುವ ಮಾತು ಬಿಟ್ಟು, ಟೇಪು ಹಿಡಿದು ಗೋಡೆ ಅಳೆಯೋಣ ಅಂತ ಆಂಟಿಯನ್ನೇ ಕರೆದೆ. ಅವರು ಬಂದರು. ಕೆಲಸ ಅಲ್ಲಿಂದ ಶುರುವಾಯಿತು.

ಮಾಡುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದು

ಯಾರನ್ನು ಕೇಳಿದರೂ ಒಂದೊಂದು ಉಪಾಯ ಹೇಳುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಪ್ರಾಣಿಗೆ ಹಿಂಸೆ ಕೊಡುವಂಥವು. ಗೋಡೆ ಮೇಲೆ ಗಾಜಿನ ಚೂರು ನೆಡುವುದು ಬೇಡ. ಬೆಕ್ಕಿನ ಪಾದ ಸೀಳುತ್ತದೆ, ಹಕ್ಕಿಗೂ ಆಗುತ್ತದೆ, ಹತ್ತಿದ ಮಗುವಿಗೂ ಆಗುತ್ತದೆ. ನುಸಿಗುಳಿಗೆ ಹಾಕುವುದು ಬೇಡವೇ ಬೇಡ. ಅದರಲ್ಲಿರುವ ನಾಫ್ತಲೀನ್ ಬೆಕ್ಕಿಗೂ ವಿಷ, ನಾಯಿಗೂ ವಿಷ. ನಮ್ಮ ಕೆಂಚ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಗೋಡೆಗೆ ಗ್ರೀಸು ಬಳಿಯಿರಿ ಅಂತಲೂ ಹೇಳಿದರು. ಅದು ಬೆಕ್ಕಿನ ಮೈಗೆ ಹತ್ತಿದರೆ ಬೆಕ್ಕು ನೆಕ್ಕಿಯೇ ತೆಗೆಯುತ್ತದೆ, ಅಂದರೆ ಹೊಟ್ಟೆಗೇ ಹೋಗುತ್ತದೆ. ಖಾರದ ಪುಡಿ ಎರಚಿದರೂ ಹಾಗೇ, ಪಾದದಿಂದ ಕಣ್ಣಿಗೆ, ಬಾಯಿಗೆ.

ಕಿವಿಗೆ ಕೇಳದ ಶಬ್ದ ಮಾಡುವ ಯಂತ್ರಗಳೂ ಸಿಗುತ್ತವೆ. ಮನುಷ್ಯರಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ನಾಯಿಗೆ ಸುಮಾರು 45, ಬೆಕ್ಕಿಗೆ 64ರ ಹತ್ತಿರದವರೆಗೆ. ಈ ಯಂತ್ರಗಳ ಶಬ್ದ ಸಾಮಾನ್ಯವಾಗಿ 20ರಿಂದ ಸ್ವಲ್ಪ ಮೇಲಿರುತ್ತದೆ, ಹಾಗಾಗಿ ಬೆಕ್ಕಿಗೆ ಕೇಳಿಸಿದ್ದು ನಾಯಿಗೂ ಕೇಳುತ್ತದೆ. ಬೆಕ್ಕು ಓಡಿಹೋಗಬಹುದು. ಅದೇ ಅಂಗಳದಲ್ಲಿ ಇರಲೇಬೇಕಾದ ನಾಯಿ ಎಲ್ಲಿಗೆ ಓಡಬೇಕು? ನಾಯಿ ಇರುವ ಮನೆಗೆ ಇದು ಹೊಂದುವುದಿಲ್ಲ.

ಸೆನ್ಸರ್ ಇಟ್ಟು ನೀರು ಚಿಮ್ಮಿಸುವುದು ಒಳ್ಳೆಯ ಉಪಾಯವೇ. ಯಾರಿಗೂ ಗಾಯ ಆಗುವುದಿಲ್ಲ. ಆದರೆ ಆ ಸೆನ್ಸರ್ ನೋಡುವುದು ಓಡಾಡುವ ಬಿಸಿ ಮೈಯನ್ನು. ನಾಯಿ ಹಾದರೂ ಅದಕ್ಕೆ ಒಂದೇ. ನಾಯಿ ಇಲ್ಲದ ತೋಟಕ್ಕೆ ಹಾಕಿಕೊಳ್ಳಿ.

ಗೋಡೆ ತಲೆಗೆ ಉರುಳು ಪೈಪು

ಬೆಕ್ಕು ಗೋಡೆ ದಾಟುವುದನ್ನು ಸರಿಯಾಗಿ ನೋಡಿದರೆ ಏನು ಮಾಡಬೇಕು ಅಂತ ತಾನೇ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಬೆಕ್ಕು ನಿಂತಲ್ಲಿಂದ ಸುಮಾರು ಒಂದೂವರೆ ಮೀಟರ್, ಕೆಲವು ಅದಕ್ಕಿಂತ ಸ್ವಲ್ಪ ಜಾಸ್ತಿ ಹಾರುತ್ತವೆ. ಈ ಎತ್ತರದ ಗೋಡೆಗೆ ಅದು ಒಂದೇ ಸಲ ಹಾರಿ ದಾಟುವುದಿಲ್ಲ. ಹಾರಿ, ಮುಂಗಾಲಿನಿಂದ ಗೋಡೆಯ ಅಂಚು ಹಿಡಿದು, ಹಿಂಗಾಲು ಒದ್ದು ಮೇಲೆ ಬರುತ್ತದೆ. ಆ ಹಿಡಿತ ಒಂದು ತಪ್ಪಿದರೆ ಹತ್ತಲು ಆಗುವುದಿಲ್ಲ. ಉರುಳುವ ಪೈಪು ಮಾಡುವುದು ಅಷ್ಟೇ. ಕಾಲಿಟ್ಟ ಕೂಡಲೇ ತಿರುಗುತ್ತದೆ, ಉಗುರಿಗೆ ಏನೂ ಸಿಗುವುದಿಲ್ಲ, ಬೆಕ್ಕು ಬಂದ ಕಡೆಗೇ ಇಳಿಯುತ್ತದೆ. ನೋವಿಲ್ಲ.

ತೆಳುವಾದ ಬೇಲಿಗಾದರೆ ಒಂದು ಪೈಪು ಸಾಕು. ನಮ್ಮದು 150 ಮಿಲಿಮೀಟರ್ ಅಗಲದ ಗೋಡೆ. ಒಂದು ಪೈಪು ಹಾಕಿದರೆ ಪಕ್ಕದಲ್ಲಿ ಬೆಕ್ಕಿಗೆ ಕೂರಲು ಆರಾಮಾಗಿ ಜಾಗ ಉಳಿಯುತ್ತದೆ. ಅದಕ್ಕೆ 75 ಮಿಲಿಮೀಟರಿನ ಎರಡು ಪಿವಿಸಿ ಪೈಪು ಅಕ್ಕಪಕ್ಕ ಇಟ್ಟೆವು. ನಡುವೆ ಒಂದಕ್ಕೊಂದು ಉಜ್ಜದಷ್ಟು, ಅಂದರೆ 5 ಮಿಲಿಮೀಟರ್ ಸಂದು. ಎರಡೂ ಸೇರಿ ಗೋಡೆಯ ಅಗಲವನ್ನು ಪೂರ್ತಿ ಮುಚ್ಚುತ್ತವೆ, ಅಂಚಿನಿಂದ ಕೂದಲೆಳೆಯಷ್ಟು ಆಚೆಗೂ ಬರುತ್ತವೆ.

ಪ್ರತಿ 75ರ ಪೈಪಿನ ಒಳಗೆ 32 ಮಿಲಿಮೀಟರಿನ ಸಣ್ಣ ಪೈಪು. ಅದರೊಳಗೆ 4 ಮಿಲಿಮೀಟರ್ ದಪ್ಪದ ಸ್ಟೀಲ್ ವೈರ್ ರೋಪ್. ಒಂದರೊಳಗೊಂದು ಸಡಿಲವಾಗಿ ಇರುವುದರಿಂದ ಹೊರಗಿನ ಪೈಪು ಬೆರಳು ತಾಗಿದರೂ ತಿರುಗುತ್ತದೆ. ಬೇರಿಂಗ್ ಬೇಕಾಗಿಲ್ಲ. ಬೇರಿಂಗ್ ಹಾಕಿದರೆ ತುಕ್ಕು ಹಿಡಿದು ಒಂದು ದಿನ ನಿಂತೇಬಿಡುತ್ತದೆ.

ಇಲ್ಲಿ ಒಂದು ಲೆಕ್ಕ ಮುಖ್ಯ, ಗಮನವಿಟ್ಟು ನೋಡಿ. ತಂತಿ ಪೈಪಿನ ನಡುಮಧ್ಯದಲ್ಲಿ ಇರುವುದಿಲ್ಲ. ಸಣ್ಣ ಪೈಪು ತಂತಿಗೆ ಜೋತು ಬೀಳುತ್ತದೆ, ದೊಡ್ಡ ಪೈಪು ಸಣ್ಣ ಪೈಪಿಗೆ ಜೋತು ಬೀಳುತ್ತದೆ. ನಮ್ಮ ಪೈಪುಗಳ ದಪ್ಪದಲ್ಲಿ ದೊಡ್ಡ ಪೈಪಿನ ನಡುಭಾಗ ತಂತಿಗಿಂತ ಸುಮಾರು 30 ಮಿಲಿಮೀಟರ್ ಕೆಳಗೆ ಬಂತು. ಅದಕ್ಕೆ ಪೈಪಿನ ಅರ್ಧ ದಪ್ಪ 37 ಸೇರಿಸಿ. ಪೈಪಿನ ತಳ ಗೋಡೆಗೆ ತಾಗದ ಹಾಗೆ 15 ಮಿಲಿಮೀಟರ್ ಬಿಡಿ. ಒಟ್ಟು ಸುಮಾರು 82. ತಂತಿ ಸ್ವಲ್ಪ ಬಾಗುತ್ತದಲ್ಲ, ಅದಕ್ಕೆ ಇನ್ನಷ್ಟು ಸೇರಿಸಿ ತಂತಿ ಹಿಡಿಯುವ ಬ್ರಾಕೆಟ್ಟಿನಲ್ಲಿ ಗೋಡೆಯಿಂದ 85 ಮಿಲಿಮೀಟರ್ ಎತ್ತರಕ್ಕೆ ತಂತಿಯ ತೂತು ಕೊರೆದೆವು. ನಿಮ್ಮ ಪೈಪು ಬೇರೆ ದಪ್ಪದ್ದಾದರೆ ಈ ಲೆಕ್ಕ ಬದಲಾಗುತ್ತದೆ, ಮೊದಲು ಒಂದು ತುಂಡು ತಂತಿಗೆ ನೇತುಹಾಕಿ ಅಳೆದುಕೊಳ್ಳಿ. ಕೆಳಗಿನ ಸಂದು ದೊಡ್ಡದಾದರೆ ಬೆಕ್ಕು ಅಲ್ಲೇ ಉಗುರು ಸಿಕ್ಕಿಸಿ ಹಿಡಿಯುತ್ತದೆ. ತೀರಾ ಸಣ್ಣದಾದರೆ ಒಣಗಿದ ಎಲೆ, ಕಡ್ಡಿ ಸಿಕ್ಕಿ ಪೈಪು ನಿಲ್ಲುತ್ತದೆ.

ಬ್ರಾಕೆಟ್‌ಗೆ 100×100 ಮಿಲಿಮೀಟರಿನ ಎಲ್ ಆಂಗಲ್, ಅಂದರೆ ಎಲ್ ಆಕಾರಕ್ಕೆ ಮಡಚಿದಂತಿರುವ ಕಬ್ಬಿಣದ ಪಟ್ಟಿ, ತೆಗೆದುಕೊಂಡು 120 ಮಿಲಿಮೀಟರ್ ಉದ್ದದ ತುಂಡುಗಳನ್ನು ಕತ್ತರಿಸಿದೆವು. ಒಂದು ಮೈ ಗೋಡೆಯ ಮೇಲೆ ಮಲಗುತ್ತದೆ, ಇನ್ನೊಂದು ನಿಲ್ಲುತ್ತದೆ. ನಿಂತ ಮೈಯಲ್ಲಿ 80 ಮಿಲಿಮೀಟರ್ ಅಂತರದಲ್ಲಿ ಎರಡು ತೂತು, ಎರಡು ತಂತಿಗೆ. ಮಲಗಿದ ಮೈಯಲ್ಲಿ ಬೋಲ್ಟಿನ ತೂತುಗಳು ಗೋಡೆಯ ನಡುಗೆರೆಯ ಮೇಲೇ ಬರಬೇಕು. ಅಂಚಿನ ಹತ್ತಿರ ಆ್ಯಂಕರ್ ಬೋಲ್ಟ್ (ಕಾಂಕ್ರೀಟಿನ ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟು) ಬಿಗಿದರೆ ಕಾಂಕ್ರೀಟು ಒಡೆದುಹೋಗುತ್ತದೆ. ನಡುವೆ ಹಾಕಿದ್ದರಿಂದ ಇನ್ನೊಂದು ಲಾಭವೂ ಆಯಿತು. ಬೋಲ್ಟಿನ ತಲೆ ಎರಡು ದುಂಡು ಪೈಪುಗಳ ನಡುವಿನ ಟೊಳ್ಳು ಜಾಗದ ಕೆಳಗೆ ಬಂದು ಪೈಪಿಗೆ ತಾಗಲಿಲ್ಲ. ಬ್ರಾಕೆಟ್ಟಿನ ಮೇಲಿನ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಕಾಲು ಜಾರುವ ಬೆಕ್ಕಿಗೆ ಚೂಪಾದ ಕಬ್ಬಿಣ ಸಿಗಬಾರದು.

ಗೋಡೆಯ ತಲೆ ಗಟ್ಟಿ ಇದೆಯಾ ಅಂತ ನೋಡುವುದು ಬಹಳ ಮುಖ್ಯ. ಟೊಳ್ಳು ಬ್ಲಾಕಿನ ಮೇಲೆ ಬರೀ ಗಿಲಾವು ಮಾಡಿದ್ದರೆ ಆ್ಯಂಕರ್ ಹಿಡಿಯುವುದಿಲ್ಲ. ನಮ್ಮ ಗೋಡೆಯ ಮೇಲೆ ಕಾಂಕ್ರೀಟಿನ ಪಟ್ಟಿ ಇತ್ತು, ಒಂದು ತುದಿಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಬ್ಲಾಕಿನ ಟೊಳ್ಳಿಗೆ ಕಾಂಕ್ರೀಟು ತುಂಬಿ, ನೀರು ಹಾಕಿ ಚೆನ್ನಾಗಿ ಗಟ್ಟಿಯಾಗಲು ಬಿಟ್ಟು ಆಮೇಲೆ ಕೊರೆದೆವು. ಕೊರೆಯುವಾಗ ಕನ್ನಡಕ, ಮಾಸ್ಕು ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಾಯಿಯನ್ನೂ ಒಳಗೆ ಬಿಡಿ.

ಬ್ರಾಕೆಟ್ಟುಗಳ ನಡುವೆ ಎಷ್ಟು ದೂರ? ಕಡಿಮೆ ಬ್ರಾಕೆಟ್ಟಿನಲ್ಲಿ ಮುಗಿಯಲಿ ಅಂತ 3 ಮೀಟರಿಗೆ ಒಂದು ಇಟ್ಟು ನೋಡಿದಾಗ ತಂತಿ ಎಷ್ಟು ಬಿಗಿದರೂ ಪೈಪು ನಡುವೆ ಜೋತು ಬಿದ್ದು ಗೋಡೆಗೆ ಉಜ್ಜುತ್ತಿತ್ತು. ಬಿಗಿತ ಅಷ್ಟೇ ಇದ್ದು ಅಂತರ ಎರಡು ಪಟ್ಟಾದರೆ ಜೋತು ಬೀಳುವುದು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ನಡುವೆ ಇನ್ನೊಂದೊಂದು ಬ್ರಾಕೆಟ್ ಸೇರಿಸಿ ಅಂತರವನ್ನು 1.5 ಮೀಟರಿಗೆ ಇಳಿಸಿದ ಮೇಲೆ ಸರಿಹೋಯಿತು. ಪೈಪಿನ ತುಂಡುಗಳನ್ನು ಬ್ರಾಕೆಟ್ಟಿನಿಂದ ಬ್ರಾಕೆಟ್ಟಿಗೆ ಕತ್ತರಿಸಿ ಎರಡೂ ತುದಿಯಲ್ಲಿ 10 ಮಿಲಿಮೀಟರ್ ಬಿಟ್ಟೆವು. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, ಈ ಉದ್ದದ ತುಂಡು ಬೆಳಗಿನ ತಂಪಿನಿಂದ ಮಧ್ಯಾಹ್ನದ ಉರಿಗೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಸಂದು ಇಲ್ಲದಿದ್ದರೆ ಮಧ್ಯಾಹ್ನ ಪೈಪು ಬ್ರಾಕೆಟ್ಟಿಗೆ ಒತ್ತಿ ತಿರುಗದೆ ನಿಲ್ಲುತ್ತದೆ. ಕತ್ತರಿಸಿದ ಬಾಯಿಯನ್ನು ಸ್ಯಾಂಡ್‌ಪೇಪರಿನಿಂದ ನಯ ಮಾಡಿ.

ತಂತಿಯ ಒಂದು ತುದಿಗೆ ಟರ್ನ್‌ಬಕಲ್, ಅಂದರೆ ತಿರುಗಿಸಿ ತಂತಿ ಬಿಗಿಯುವ ಕೊಂಡಿ. ಎರಡೂ ತುದಿಗೆ, ಮಡಚಿದ ತಂತಿಯನ್ನು ಹಿಡಿದಿಡುವ ಯು ಬೋಲ್ಟ್ ಕ್ಲ್ಯಾಂಪು. ಕ್ಲ್ಯಾಂಪಿಗೆ ಎರಡು ಭಾಗ ಇರುತ್ತದೆ. ಅಗಲವಾದ ತಡಿ ಭಾರ ಹೊರುವ ತಂತಿಯ ಮೇಲೆ ಕೂರಬೇಕು, ಯು ಭಾಗ ಮಡಚಿ ಬಂದ ತುದಿಯ ಮೇಲೆ. ಉಲ್ಟಾ ಹಾಕಿದರೆ ಯು ಬೋಲ್ಟು ಭಾರ ಹೊರುವ ತಂತಿಯನ್ನೇ ಜಜ್ಜಿ ದುರ್ಬಲ ಮಾಡುತ್ತದೆ. ತುದಿಯ ಬ್ರಾಕೆಟ್ಟುಗಳ ಮೇಲೆ ಎಳೆತ ಜಾಸ್ತಿ ಇರುವುದರಿಂದ ಅವಕ್ಕೆ ಹಿಂದಿನಿಂದ ಓರೆಯಾಗಿ ಒಂದು ಪಟ್ಟಿ ಬೆಸುಗೆ ಹಾಕಿಸಿದೆವು.

ಮೊದಲ ಜೋರು ಗಾಳಿಗೆ ಪೈಪುಗಳು ಬ್ರಾಕೆಟ್ಟಿಗೆ ಬಡಿದು ಟಕಟಕ ಅನ್ನತೊಡಗಿದವು. ನಾಯಿ ಬೊಗಳುವುದು ನಿಲ್ಲಲಿ ಅಂತ ಮಾಡಿದ ಕೆಲಸ ರಾತ್ರಿಯೆಲ್ಲ ಸದ್ದು ಮಾಡಿದರೆ ಪಕ್ಕದ ಮನೆಯವರು ಹೇಗೆ ಒಪ್ಪುತ್ತಾರೆ? ಪ್ರತಿ ಬ್ರಾಕೆಟ್ಟಿನ ಎರಡೂ ಮೈಗೆ ಅಗಲವಾದ ರಬ್ಬರ್ ವಾಷರ್ ತಂತಿಗೆ ಪೋಣಿಸಿದ ಮೇಲೆ ಸದ್ದು ಅಡಗಿತು. ಇದನ್ನು ಮೊದಲೇ ಪೋಣಿಸಿಕೊಂಡರೆ ತಂತಿ ಮತ್ತೆ ಬಿಚ್ಚುವ ಕೆಲಸ ಉಳಿಯುತ್ತದೆ.

ಬೆಕ್ಕು ಹುಡುಕಿದ ಬೇರೆ ದಾರಿಗಳು

ಪೈಪು ಹಾಕಿದ ಮೇಲೆ ಬೂದು ಬೆಕ್ಕು ಬಂದು ಹಾರಿತು. ಮುಂಗಾಲು ಇಟ್ಟಿತು, ಪೈಪು ಗಿರ್ ಅಂತ ತಿರುಗಿತು, ಬೆಕ್ಕು ಆಂಟಿಯ ಅಂಗಳದಲ್ಲೇ ಇಳಿಯಿತು. ಆಂಟಿ ಅಲ್ಲೇ ನಿಂತು ನೋಡುತ್ತಿದ್ದರು, ಪೆಟ್ಟಾಗಲಿಲ್ಲ ಅಂತ ಗೊತ್ತಾದ ಮೇಲೆ ಅವರ ಮುಖ ಸಡಿಲವಾಯಿತು. ಆಮೇಲೆ ಬೆಕ್ಕು ಗೋಡೆಯ ಉದ್ದಕ್ಕೂ ನಡೆದು ಒಂದೊಂದೇ ಜಾಗ ನೋಡಿಕೊಂಡು ಬಂತು. ಗೇಟಿನ ಕಂಬ ಸಿಕ್ಕಿತು. ಕಂಬದ ತಲೆ ಚಪ್ಪಟೆ, ಪೈಪು ಅಲ್ಲಿಗೆ ಮುಗಿದಿತ್ತು. ಅಲ್ಲಿಗೆ ತಗಡಿನಿಂದ ಕಡಿದಾದ ಇಳಿಜಾರಿನ ಟೋಪಿ ಮಾಡಿಸಿ ಕೂರಿಸಿದೆವು.

ಗೋಡೆ ಪಕ್ಕ ಅವರ ಕಡೆ ಹಳೇ ಡಬ್ಬ, ಮರದ ಪೆಟ್ಟಿಗೆ ಪೇರಿಸಿದ್ದು ಇತ್ತು. ಅದರ ಮೇಲೆ ನಿಂತರೆ ಗೋಡೆಯ ಎತ್ತರ ಅರ್ಧಕ್ಕೆ ಇಳಿದುಬಿಡುತ್ತದೆ, ಪೈಪಿನ ಮೇಲಿಂದಲೇ ಹಾರಬಹುದು. ಆಂಟಿ ಅದನ್ನೆಲ್ಲ ತೆಗೆಸಿದರು. ನಾನು ನಮ್ಮ ಮರದ ಅವರ ಕಡೆಗೆ ಚಾಚಿದ ಕೊಂಬೆ ಕಡಿದೆ. ಒಂದು ಗೋಡೆ ಸರಿಮಾಡಲು ಎರಡು ಅಂಗಳದಲ್ಲಿ ಕೆಲಸ ಇರುತ್ತದೆ. ಪಕ್ಕದವರು ಒಪ್ಪದೆ ನಿಮ್ಮ ಪಾಡಿಗೆ ನೀವೇ ಮಾಡಿಕೊಂಡರೆ ಇಲ್ಲೇ ಸೋಲುತ್ತದೆ.

ಗೇಟಿನ ಸರಳುಗಳ ನಡುವೆ 10 ಸೆಂಟಿಮೀಟರ್ ಸಂದು ಇತ್ತು. ಬೆಕ್ಕಿನ ಕೊರಳೆಲುಬು ಬೇರೆ ಮೂಳೆಗಳಿಗೆ ಗಟ್ಟಿಯಾಗಿ ಕೂಡಿಕೊಂಡಿಲ್ಲ, ಹಾಗಾಗಿ ತಲೆ ತೂರಿದ ಕಡೆ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಗೇಟಿನ ಕೆಳಗಿನ ಒಂದು ಮೀಟರಿಗೆ ಒಳಮೈಯಿಂದ ಆಚೆ ಕಾಣದ ಗಟ್ಟಿ ಹಾಳೆ (ಶೀಟು) ಹೊಡೆದೆವು. ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಜಾಲರಿ ಹಾಕುವುದಾದರೆ ಕಣ್ಣು 50 ಮಿಲಿಮೀಟರಿಗಿಂತ ದೊಡ್ಡದಿರಬಾರದು. ನಾವು ಜಾಲರಿ ಬಿಟ್ಟು ಹಾಳೆಯನ್ನೇ ಹಾಕಿದ್ದಕ್ಕೆ ಕಾರಣ ನಾಯಿ, ಅದನ್ನು ಮುಂದೆ ಹೇಳುತ್ತೇನೆ.

ಪಾರಾಗುವ ಕಂಬ

ಉರುಳು ಪೈಪಿಗೆ ಒಳಗು ಹೊರಗು ಅಂತ ಇಲ್ಲ. ಹೊರಗಿನಿಂದ ಹತ್ತಲು ಬಿಡದ ಪೈಪು ಒಳಗಿನಿಂದ ಹತ್ತಲೂ ಬಿಡುವುದಿಲ್ಲ. ಗೇಟು ತೆರೆದಾಗ ನುಗ್ಗಿದ ಬೆಕ್ಕು, ಚಾವಣಿಯಿಂದ ಹಾರಿದ ಬೆಕ್ಕು, ಗೊತ್ತಿಲ್ಲದ ಬೀದಿ ಬೆಕ್ಕು ಒಳಗೆ ಸಿಕ್ಕಿಕೊಂಡರೆ ಮೊದಲು ಪಾರಾಗುತ್ತಿದ್ದ ಗೋಡೆಯೇ ಈಗ ಅದರ ಪಾಲಿಗೆ ಬೋನು. ಹಿಂದೆ ನಾಯಿ, ಮುಂದೆ ಜಾರುವ ಪೈಪು. ಬೆಕ್ಕು ಸಾಯುತ್ತದೆ, ಇಲ್ಲವೇ ಮೂಲೆಗೆ ಸಿಕ್ಕ ಬೆಕ್ಕು ನಾಯಿಯ ಕಣ್ಣು ಕೀಳುತ್ತದೆ. ಪೈಪಿನ ಬಗ್ಗೆ ಹೇಳುವವರು ಇದನ್ನು ಹೇಳುವುದೇ ಇಲ್ಲ. ಈ ಕಂಬ ಇಲ್ಲದೆ ಪೈಪಿಗೆ ಒಪ್ಪುವುದಿಲ್ಲ ಅಂತ ಆಂಟಿ ಪಟ್ಟು ಹಿಡಿದರು. ಅವರ ಪಟ್ಟು ಸರಿಯಾಗಿತ್ತು.

ನಮ್ಮ ಕಡೆಯ ಹಿಂದಿನ ಮೂಲೆಯಲ್ಲಿ 100 ಮಿಲಿಮೀಟರ್ ದಪ್ಪದ ಮರದ ಕಂಬ ನೆಟ್ಟೆವು. ಕೆಳಗಿನಿಂದ ಮೇಲಿನವರೆಗೆ ದಪ್ಪ ನಾರಿನ ಹಗ್ಗ ಬಿಗಿಯಾಗಿ ಸುತ್ತಿದೆವು, ಬೆಕ್ಕಿನ ಉಗುರಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ನೆಲದಿಂದ 2 ಮೀಟರ್ ಎತ್ತರದಲ್ಲಿ, ಅಂದರೆ ಪೈಪಿಗಿಂತ ಸಾಕಷ್ಟು ಮೇಲೆ, ಕಂಬದ ತಲೆಗೆ ಒಂದು ಹಲಗೆ. ಹಲಗೆ ಗೋಡೆಯ ಕಡೆಗೆ ಚಾಚಿದೆ, ಆದರೆ ಗೋಡೆಯನ್ನು ದಾಟಿಲ್ಲ. ಬೆಕ್ಕು ಕಂಬ ಹತ್ತಿ ಹಲಗೆಗೆ ಬಂದು ಅಲ್ಲಿಂದ ಪೈಪಿನ ಮೇಲಿಂದ ಆಚೆಗೆ ಹಾರಬಹುದು. ಆಚೆಯಿಂದ ಈಚೆಗೆ ಬರಲು ಆಗುವುದಿಲ್ಲ, ಯಾಕೆಂದರೆ ನೆಲದಿಂದ 2 ಮೀಟರ್ ಮೇಲಕ್ಕೆ ಗೋಡೆಯನ್ನೂ ದಾಟಿ ಹಾರುವುದು ಅದಕ್ಕೆ ಕಷ್ಟ, ಹಲಗೆಯ ಆ ಅಂಚಿಗೆ ನಯವಾದ ತಗಡೂ ಹೊಡೆದಿದೆ. ಇಳಿಯುವ ಕಡೆ ಆಂಟಿ ಮೆತ್ತಗಿನ ಮಣ್ಣು ಹಾಕಿಸಿದ್ದಾರೆ.

ಕಂಬದ ಸುತ್ತ ನೆಲದಿಂದ ಸ್ವಲ್ಪ ಮೇಲೆ ಶುರುವಾಗಿ ಎದೆ ಎತ್ತರದವರೆಗೆ ಜಾಲರಿ ಸುತ್ತಿದ್ದೇವೆ. ಕೆಳಗಿನ ಸಂದಿಯಲ್ಲಿ ಬೆಕ್ಕು ನುಸುಳುತ್ತದೆ, ಕೆಂಚನ ಎದೆ ನುಸುಳುವುದಿಲ್ಲ. ನಾಯಿಯ ಎದೆಯ ಆಳ ಅಳೆದು ಆ ಸಂದು ಬಿಡಿ. ನಿಮ್ಮದು ಸಣ್ಣ ಜಾತಿಯ ನಾಯಿಯಾದರೆ ಈ ಉಪಾಯ ನಡೆಯುವುದಿಲ್ಲ, ಅಂಥ ಕಡೆ ನಾಯಿಗೆ ಎಟುಕದ ಎತ್ತರದಿಂದ ಶುರುವಾಗುವ ಹಲಗೆಗಳನ್ನು ಗೋಡೆಗೆ ಮೆಟ್ಟಿಲಿನಂತೆ ಹೊಡೆಯಬಹುದು.

ಪಾತಿಗೆ ಜಾಲರಿ, ಅವರ ಕಡೆ ಮರಳು

ಬೆಕ್ಕು ಕೆದರಿ ಮುಚ್ಚಲು ಬರುವಂಥ ಸಡಿಲ, ಒಣ ಮಣ್ಣು ಹುಡುಕುತ್ತದೆ. ನಮ್ಮ ಹೂವಿನ ಪಾತಿ ಹಾಗೇ ಇತ್ತು. ಮಣ್ಣಿನ ಒಂದೆರಡು ಇಂಚು ಕೆಳಗೆ ಜಾಲರಿ ಹಾಸಿ, ಗಿಡಕ್ಕೆ ಮಾತ್ರ ಕತ್ತರಿಸಿ ಜಾಗ ಬಿಟ್ಟು, ಮೇಲೆ ದಪ್ಪ ಜಲ್ಲಿ ಹರಡಿದೆ. ಕತ್ತರಿಸಿದ ತಂತಿಯ ತುದಿಗಳನ್ನು ಕೆಳಕ್ಕೆ ಬಾಗಿಸಿ, ಕೈಗೂ ಪಾದಕ್ಕೂ ಚುಚ್ಚಬಾರದು. ಆಂಟಿ ತಮ್ಮ ಕಡೆ ಗಾಳಿ ಗದ್ದಲ ಇಲ್ಲದ ಮೂಲೆಯಲ್ಲಿ ಮರಳಿನ ದೊಡ್ಡ ತಟ್ಟೆ ಇಟ್ಟರು, ದಿನಾ ತೆಗೆಯುತ್ತಾರೆ. ಇಲ್ಲಿ ಕೆದರಲು ಆಗದ ಬೆಕ್ಕು ಅಲ್ಲಿಗೆ ಹೋಗತೊಡಗಿತು.

ಇದು ಬರೀ ಅಸಹ್ಯದ ಮಾತಲ್ಲ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಹೇಲಿನಲ್ಲಿ ಬರಬಹುದು, ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಹಾಗಂತ ಬೆಕ್ಕು ಕಂಡರೆ ಹೆದರಬೇಕಿಲ್ಲ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗಲಿದಾಗ ಒಂದರಿಂದ ಮೂರು ವಾರ ಮಾತ್ರ ಅದನ್ನು ಹೊರಹಾಕುತ್ತದೆ, ಹೊರಬಂದದ್ದು ಸೋಂಕು ತರುವಂತಾಗಲು ಒಂದರಿಂದ ಐದು ದಿನ ಬೇಕು. ಅದಕ್ಕೇ ದಿನಾ ತೆಗೆಯುವುದು ಮುಖ್ಯ. ಮಣ್ಣಿನ ಕೆಲಸಕ್ಕೆ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಗಂಡು ಬೆಕ್ಕಿಗೆ ಆಂಟಿ ಸಂತಾನಹರಣದ ಆಪರೇಷನ್ ಮಾಡಿಸಿದರು. ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಹೆಚ್ಚಿನವು ಉಚ್ಚೆ ಹಾರಿಸುವುದು, ಜಗಳಕ್ಕೆ ಹೋಗುವುದು, ದೂರ ತಿರುಗುವುದು ಬಿಡುತ್ತವೆ ಇಲ್ಲವೇ ಕಡಿಮೆ ಮಾಡುತ್ತವೆ. ಹಳೆಯ ವಾಸನೆಯ ಜಾಗ ತೊಳೆಯಲು ಎನ್ಜೈಮ್ ಇರುವ ಕ್ಲೀನರ್ ಬಳಸಿ. ಅಮೋನಿಯಾ ಇರುವುದು ಬೇಡ, ಅದು ಬೆಕ್ಕಿನ ಮೂಗಿಗೆ ಉಚ್ಚೆಯಂತೆಯೇ ನಾರುತ್ತದೆ.

ನಾಯಿಯ ಕಡೆಯ ಕೆಲಸ

ಎಲ್ಲವನ್ನೂ ಬೆಕ್ಕಿನ ಮೇಲೆ ಹಾಕುವುದು ನ್ಯಾಯವಲ್ಲ. ನಾಯಿ ಬೊಗಳಿದಾಗ ಬೆಕ್ಕು ಇಳಿದು ಹೋಗುತ್ತದೆ. ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಅದು ಹೋಯಿತು, ಮುಂದಿನ ಸಲ ಇನ್ನೂ ಜೋರಾಗಿ ಬೊಗಳುತ್ತದೆ. ತಡೆಯ ಆಚೆ ಕಾಣುತ್ತಿದ್ದೂ ಮುಟ್ಟಲಾಗದ ಬೆಕ್ಕು ನಾಯಿಯ ತಲೆ ಕೆಡಿಸುತ್ತದೆ, ಆ ಸಿಟ್ಟು ಕೆಲವು ಸಲ ಪಕ್ಕದಲ್ಲಿರುವ ಮನುಷ್ಯನ ಕೈ ಕಚ್ಚುವವರೆಗೂ ಹೋಗುತ್ತದೆ. ಅದಕ್ಕೇ ಗೇಟಿಗೆ ಜಾಲರಿ ಬಿಟ್ಟು ಹಾಳೆ ಹೊಡೆದದ್ದು. ಕಾಣದಿದ್ದರೆ ಅರ್ಧ ಬೊಗಳುವುದು ಇಲ್ಲ. ಹಾಳೆಗೆ ಗಾಳಿ ಹಿಡಿಯುವುದರಿಂದ ಗೇಟಿನ ಕೀಲು, ಚಿಲಕ ಗಟ್ಟಿ ಇವೆಯಾ ಅಂತ ನೋಡಿಕೊಳ್ಳಿ.

ಗೋಡೆ ಪಕ್ಕದ ಓಟದ ಹಾದಿಯನ್ನು ಮುರಿಯಲು ನಡುನಡುವೆ ದೊಡ್ಡ ಕುಂಡಗಳನ್ನು ಇಟ್ಟೆ, ಗೋಡೆಯಿಂದ ಸ್ವಲ್ಪ ದೂರದಲ್ಲಿ, ಬೆಕ್ಕಿಗೆ ಮೆಟ್ಟಿಲಾಗದ ಹಾಗೆ. ಬೆಳಗಿನ ಆ ಹೊತ್ತಿಗೆ ಕೆಂಚನನ್ನು ಒಬ್ಬನೇ ಅಂಗಳಕ್ಕೆ ಬಿಡುವುದು ನಿಲ್ಲಿಸಿದೆ. ಬೆಲ್ಟು ಹಾಕಿ ಹೊರಗೆ ಕರೆದುಕೊಂಡು ಹೋಗಿ ದಣಿಸಿ ತರುತ್ತೇನೆ. ಬೆಕ್ಕಿನ ಸುಳಿವು ಸಿಕ್ಕಾಗ ಅವನು ಬೊಗಳುವ ಮೊದಲೇ ಹೆಸರು ಕರೆದು, ತಿರುಗಿ ಬಂದರೆ ಅವನಿಗೆ ಇಷ್ಟವಾದ ತಿಂಡಿ ಕೊಡುತ್ತೇನೆ. ಬೊಗಳಲು ಶುರುವಾದ ಮೇಲೆ ಕರೆದರೆ ಅವನ ಕಿವಿಗೆ ಬೀಳುವುದೇ ಇಲ್ಲ. ಬೈದರೆ ಇನ್ನೂ ಕೆಟ್ಟದು, ಬೆಕ್ಕು ಬಂದರೆ ತನಗೆ ಬೈಗುಳ ಅಂತ ಅದರ ಮೇಲೆ ಮತ್ತಷ್ಟು ಸಿಟ್ಟು ಬೆಳೆಯುತ್ತದೆ. ಎರಡೂ ಮನೆಯ ಪ್ರಾಣಿಗಳಿಗೆ ರೇಬಿಸ್ ಲಸಿಕೆ ಹಾಕಿಸಿರುವ ಚೀಟಿಯ ಪ್ರತಿ ಒಬ್ಬರದ್ದು ಒಬ್ಬರ ಹತ್ತಿರ ಇದೆ. ಅಕಸ್ಮಾತ್ ಪರಚಿದರೂ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗುವುದು, ಯಾರ ತಪ್ಪು ಅಂತ ಆಮೇಲೆ ಮಾತಾಡುವುದು ಅಂತ ಒಪ್ಪಂದ.

ಈಗ ಹೇಗಿದೆ

ಬೆಕ್ಕುಗಳು ಪೂರ್ತಿ ಬರುವುದೇ ಇಲ್ಲ ಅಂತ ಹೇಳಲಾರೆ. ಚಾವಣಿಯಿಂದ ಬರುವ ದಾರಿ ಇನ್ನೂ ಇದೆ. ಬಂದ ಬೂದು ಬೆಕ್ಕು ಕೆಂಚ ಎದ್ದು ಬರುವಷ್ಟರಲ್ಲಿ ಕಂಬ ಹತ್ತಿ ಆಚೆ ಹೋದದ್ದನ್ನು ನಾನೇ ನೋಡಿದ್ದೇನೆ, ಅಷ್ಟಕ್ಕೇ ಆ ಕಂಬದ ಕೆಲಸ ಸಾರ್ಥಕ. ಬೆಳಗಿನ ಬೊಗಳಾಟ ತುಂಬಾ ಕಡಿಮೆಯಾಗಿದೆ. ಆಂಟಿ ಸಂಜೆ ಮಬ್ಬಾಗುವ ಮೊದಲೇ ಬೆಕ್ಕುಗಳನ್ನು ಊಟಕ್ಕೆ ಕರೆದು ರಾತ್ರಿ ಒಳಗೇ ಇಡುತ್ತಾರೆ. ಅವರ ವರಾಂಡಕ್ಕೆ ಜಾಲರಿ ಕಟ್ಟಿ ಬೆಕ್ಕಿಗೆ ಬಿಸಿಲು ಕಾಯುವ ಜಾಗ ಮಾಡಿಕೊಡುವುದು ಮುಂದಿನ ಕೆಲಸ, ಉಳಿದ ಆಂಗಲ್ ತುಂಡುಗಳು ಅಲ್ಲಿಗೆ ಆಗುತ್ತವೆ.

ನೋಡಿಕೊಳ್ಳುವ ಕೆಲಸ ಇದೆ. ಪೈಪಿನ ಬಾಯಿಯೊಳಗೆ ಕಣಜ ಗೂಡು ಕಟ್ಟಿದರೆ ಪೈಪು ನಿಲ್ಲುತ್ತದೆ, ಆಗಾಗ ಕೈಯಿಂದ ತಿರುಗಿಸಿ ನೋಡಬೇಕು. ತಂತಿ ಹೊಸದರಲ್ಲಿ ಸ್ವಲ್ಪ ಹಿಗ್ಗುತ್ತದೆ, ಟರ್ನ್‌ಬಕಲ್ ಮತ್ತೆ ಬಿಗಿಯಬೇಕು, ಕ್ಲ್ಯಾಂಪಿನ ನಟ್ಟುಗಳನ್ನೂ. ಬಿಸಿಲಿಗೆ ಪಿವಿಸಿ ವರ್ಷಗಳಲ್ಲಿ ಪೆಡಸಾಗಿ ಒಡೆಯುತ್ತದೆ, ತಿಳಿ ಬಣ್ಣದ ನೀರಿನ ಪೇಂಟು ಬಳಿದರೆ ತಡೆಯುತ್ತದೆ. ನುಣುಪಾದ ಪೇಂಟನ್ನೇ ಆರಿಸಿ, ಒರಟಾದದ್ದು ಬಳಿದರೆ ಉಗುರಿಗೆ ಹಿಡಿತ ಸಿಗುತ್ತದೆ. ಕಂಬದ ಹಗ್ಗ ಸಡಿಲವಾಗಿದ್ದರೆ ಅದನ್ನು ಮೊದಲು ಸುತ್ತಿ, ಪೇಂಟು ಆಮೇಲೆ.